ಹಂದಿಯ ಉಸಿರಿಗೆ ಅಂಕಿಯ ಮಿತಿ ಏಕಿಲ್ಲ?

ಮಾಂಸದ ಕೋಳಿಗಳನ್ನು ದಟ್ಟವಾಗಿ ಸಾಕುವ ಶೆಡ್ಡುಗಳಲ್ಲಿ ಅಮೋನಿಯಾ ಪ್ರಮಾಣ ಹತ್ತು ಲಕ್ಷಕ್ಕೆ 20 ಭಾಗ ಮೀರಕೂಡದೆಂದು ಐರೋಪ್ಯ ಒಕ್ಕೂಟದ 2007ರ ನಿರ್ದೇಶನ ವಿಧಿಸಿದೆ. ಹಂದಿಗಳ ವಿಷಯದಲ್ಲಿ ಇಂಥ ಅಂಕಿಯಿಲ್ಲ. ಅನಿಲ, ಧೂಳು ಹಾನಿಕರ ಮಟ್ಟಕ್ಕೇರಬಾರದೆಂದಷ್ಟೇ 1998ರ ನಿರ್ದೇಶನ ಹೇಳುತ್ತದೆ.

ಈ ಅಸ್ಪಷ್ಟತೆಯ ಬೆಲೆ ತೆರುವುದು ಶ್ವಾಸಕೋಶ. ಮೂತ್ರದಲ್ಲಿನ ಯೂರಿಯಾ ಮಲದೊಡನೆ ಬೆರೆತಾಗ ಅಮೋನಿಯಾ ಹೊಮ್ಮುತ್ತದೆ. ಚಳಿಗಾಲದಲ್ಲಿ ಬಿಸುಪು ಉಳಿಸಲೆಂದು ಗಾಳಿಯ ಸಂಚಾರ ತಗ್ಗಿಸಿದರೆ ಅದು ಒಳಗೇ ಶೇಖರಗೊಂಡು, ಧೂಳು ಹಾಗೂ ರೋಗಾಣುಗಳನ್ನು ಹೊರದೂಡುವ ಶ್ವಾಸನಾಳದ ಸೂಕ್ಷ್ಮ ರೋಮಗಳನ್ನು ಘಾಸಿಗೊಳಿಸುತ್ತದೆ. ಆಗ ಮೈಕೋಪ್ಲಾಸ್ಮಾದಂಥ ಸೋಂಕಿಗೆ ಹಾದಿ ಸುಗಮ. ಪರಿಣಾಮ: ಕೆಮ್ಮು, ಕುಂಠಿತ ಬೆಳವಣಿಗೆ, ಔಷಧದ ವೆಚ್ಚ. ಅದೇ ಗಾಳಿಯನ್ನು ಕಾರ್ಮಿಕರೂ ಉಸಿರಾಡುತ್ತಾರೆ.

ಜರ್ಮನಿ 20, ಸ್ವೀಡನ್ 10 ಭಾಗದ ಮಿತಿಯನ್ನು ತಮ್ಮ ನಿಯಮಗಳಲ್ಲೇ ನಮೂದಿಸಿವೆ. ಒಕ್ಕೂಟಕ್ಕೂ ಇದು ಅಸಾಧ್ಯವಲ್ಲ. ಅಂಕಿಯಿಲ್ಲದ ನಿಯಮವನ್ನು ತಪಾಸಣಾಧಿಕಾರಿ ಯಾವ ಮಾಪಕದಿಂದ ಅಳೆಯಬೇಕು?