ದೋಣಿ ಎಂಜಿನ್‌ನ ನಿಜವಾದ ವೆಚ್ಚ: ಎಂಟು ವರ್ಷಗಳ ಲೆಕ್ಕಾಚಾರ

ಕರಾವಳಿಯ ಅನೇಕ ಕುಟುಂಬಗಳು ಗದ್ದೆ ಮತ್ತು ನಾಡದೋಣಿ ಎರಡನ್ನೂ ಅವಲಂಬಿಸಿವೆ. ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗಳಿಗೆ ಬದಲಾಯಿಸಲು ರಾಜ್ಯ ಸರ್ಕಾರವು 2023-24ರ ಆಯವ್ಯಯದಲ್ಲಿ ತಲಾ 50,000 ರೂ. ಸಹಾಯಧನ ಘೋಷಿಸಿತು. ರಿಯಾಯಿತಿ ದರದ ಸೀಮೆಎಣ್ಣೆಯನ್ನೇ ನಂಬಿ ಕಡಲಿಗಿಳಿಯುವುದು ದಿನೇ ದಿನೇ ಕಷ್ಟವಾಗುತ್ತಿರುವಾಗ, ಯಾವ ಎಂಜಿನ್ ಆರಿಸಬೇಕು? ಪವರ್ ಟಿಲ್ಲರ್ ಕೊಳ್ಳುವಾಗ ಮಾಡುವ ಲೆಕ್ಕವೇ ಇಲ್ಲಿಯೂ ಅನ್ವಯಿಸುತ್ತದೆ.

ಇಂಧನವೇ ದೊಡ್ಡ ಬಾಬ್ತು

ಉದಾಹರಣೆಗೆ, ದಿನಕ್ಕೆ 10 ಲೀಟರಿನಂತೆ ವರ್ಷಕ್ಕೆ 150 ದಿನ ದೋಣಿ ನಡೆದರೆ 1,500 ಲೀಟರ್ ಇಂಧನ ಬೇಕು. ಲೀಟರಿಗೆ 100 ರೂ. ಎಂದಿಟ್ಟುಕೊಂಡರೆ ವರ್ಷಕ್ಕೆ 1.5 ಲಕ್ಷ, ಎಂಟು ವರ್ಷಕ್ಕೆ 12 ಲಕ್ಷ ರೂ. ಇದರಲ್ಲಿ ಶೇ. 20ರಷ್ಟು ಉಳಿದರೂ 2.4 ಲಕ್ಷ ರೂ. ಉಳಿತಾಯ, ಇದು ಸಹಾಯಧನದ ಸುಮಾರು ಐದು ಪಟ್ಟು.

ಆಯ್ಕೆಗಳ ಗುಣದೋಷ

- ಟೂ ಸ್ಟ್ರೋಕ್ ಸೀಮೆಎಣ್ಣೆ ಎಂಜಿನ್: ಹಗುರ, ದುರಸ್ತಿ ಸುಲಭ. ಆದರೆ ಇಂಧನದ ಒಂದು ಭಾಗ ಉರಿಯದೆಯೇ ಹೊಗೆಯೊಡನೆ ಹೊರಹೋಗುತ್ತದೆ. ಇಂಧನಕ್ಕೆ ಆಯಿಲ್ ಬೆರೆಸುವ ಖರ್ಚೂ ಸೇರುತ್ತದೆ.
- ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್: ಇಂಧನ ಮಿತವ್ಯಯಿ. ಬೆಲೆ ಹೆಚ್ಚು, ನಿಯತವಾಗಿ ಆಯಿಲ್ ಬದಲಾಯಿಸಬೇಕು.
- ಡೀಸೆಲ್ ಎಂಜಿನ್: ಇಂಧನ ದಕ್ಷತೆ ಅತ್ಯುತ್ತಮ, ಬಾಳಿಕೆ ದೀರ್ಘ. ತೂಕ ಅಧಿಕವಾದ್ದರಿಂದ ಸಣ್ಣ ದೋಣಿಗೆ ಹೊಂದುವುದಿಲ್ಲ.
- ಬ್ಯಾಟರಿ ಮೋಟಾರ್: 10 ಅಶ್ವಶಕ್ತಿಯನ್ನು ನಾಲ್ಕು ಗಂಟೆ ಪಡೆಯಲು ಸುಮಾರು 30 ಯೂನಿಟ್ ವಿದ್ಯುತ್ ಬೇಕು, ಅಷ್ಟು ಸಾಮರ್ಥ್ಯದ ಲಿಥಿಯಂ ಬ್ಯಾಟರಿ 200 ಕಿಲೋಗೂ ಹೆಚ್ಚು ತೂಗುತ್ತದೆ. ಹಿನ್ನೀರಿನ ಅಲ್ಪ ದೂರದ ಸಂಚಾರಕ್ಕೆ ಸೂಕ್ತ. ಕಡಲಿನ ದಿನವಿಡೀ ದುಡಿಮೆಗೆ ಸದ್ಯಕ್ಕಲ್ಲ.

ಖರೀದಿಗೆ ಮುನ್ನ

1. ಒಂದು ತಿಂಗಳು ದಿನವೂ ಸುಟ್ಟ ಇಂಧನ ಹಾಗೂ ಓಡಿಸಿದ ಗಂಟೆಗಳನ್ನು ಬರೆದಿಡಿ.
2. ಸಹಾಯಧನ ಕಳೆದ ಬೆಲೆ, ಸಾಲದ ಬಡ್ಡಿ, ಇಂಧನ, ಆಯಿಲ್, ಬಿಡಿಭಾಗಗಳನ್ನು ಕೂಡಿಸಿ, ಮರುಮಾರಾಟದ ಮೌಲ್ಯ ಕಳೆಯಿರಿ.
3. ದುರಸ್ತಿಗೆ ಮೆಕ್ಯಾನಿಕ್ ನಿಮ್ಮ ಬಂದರಿನಲ್ಲೇ ಸಿಗುವರೇ ಎಂದು ವಿಚಾರಿಸಿ. ಸುಗ್ಗಿಯ ಒಂದು ವಾರ ದೋಣಿ ದಡದಲ್ಲಿ ನಿಂತರೆ ವರ್ಷದ ಉಳಿತಾಯವೇ ಕರಗಬಹುದು.
4. ದಿನದ ಕೆಲಸ ಮುಗಿದೊಡನೆ ಎಂಜಿನ್ನಿನ ತಂಪುನೀರಿನ ಮಾರ್ಗವನ್ನು ಸಿಹಿನೀರಿನಿಂದ ತೊಳೆಯಿರಿ. ಉಪ್ಪಿನ ತುಕ್ಕು ಯಾವ ಎಂಜಿನ್ನನ್ನೂ ಬಿಡದು.

ವಿಸ್ತರಣಾ ಕಾರ್ಯಕರ್ತರು ಸಹಾಯಧನದ ಅರ್ಜಿ ತುಂಬಿಸುವ ಮೊದಲು ಪ್ರತಿ ಕುಟುಂಬದೊಡನೆ ಈ ಲೆಕ್ಕವನ್ನು ಕುಳಿತು ಮಾಡುವುದು ಅಗತ್ಯ. ವರ್ಷಕ್ಕೆ 60 ದಿನ ಮಾತ್ರ ದೋಣಿ ಇಳಿಸುವವರಿಗೆ ಹಳೆಯ ಎಂಜಿನ್ನನ್ನೇ ಸುಸ್ಥಿತಿಯಲ್ಲಿಡುವುದು ಲಾಭಕರವಾಗಬಹುದು. 150 ದಿನ ದುಡಿಯುವವರಿಗೆ ವಿಳಂಬವೇ ನಷ್ಟ.