ಅಧ್ಯಕ್ಷರ ಮಾನ ಕಾಯಲು ಹುಟ್ಟಿದ ಕಾನೂನು

2025ರ ಮಾರ್ಚ್‌ನಲ್ಲಿ ಟ್ರಂಪ್ ಸರ್ಕಾರ ವೆನೆಜುವೆಲಾದ ಕೆಲವು ವಲಸಿಗರನ್ನು ಗ್ಯಾಂಗಿನವರೆಂದು ಆರೋಪಿಸಿ ದೇಶದಿಂದ ಹೊರಗಟ್ಟಲು 1798ರ ಕಾಯ್ದೆಯೊಂದನ್ನು ಬಳಸಿದಾಗ, ಇಷ್ಟು ಹಳೆಯ ಕಾನೂನು ಇನ್ನೂ ಜೀವಂತವಿದೆಯೇ ಎಂದು ಹಲವರು ಹುಬ್ಬೇರಿಸಿದರು. ಶತ್ರುದೇಶದ ಪ್ರಜೆಗಳನ್ನು ಕುರಿತ ಆ ಕಾಯ್ದೆ ಒಂಟಿಯಾಗಿ ಹುಟ್ಟಿದ್ದಲ್ಲ. ಅದೇ ವರ್ಷದ ಜೂನ್ ಮತ್ತು ಜುಲೈ ತಿಂಗಳಲ್ಲಿ, ಅಂದಿನ ರಾಜಧಾನಿ ಫಿಲಡೆಲ್ಫಿಯಾದಲ್ಲಿ, ಅಮೆರಿಕದ ಕಾಂಗ್ರೆಸ್ ಒಟ್ಟು ನಾಲ್ಕು ಕಾನೂನುಗಳನ್ನು ಮಾಡಿತು. ಕೊನೆಯದು ಸರ್ಕಾರದ ನಿಂದೆಯನ್ನು ಅಪರಾಧವಾಗಿಸಿದ ಜುಲೈ 14ರ ರಾಜದ್ರೋಹ ಕಾಯ್ದೆ. ಅದು ಮೂರು ವರ್ಷ ತುಂಬುವ ಮೊದಲೇ ಸತ್ತಿತು. ಆದರೂ ಇಂದು ಗಮನವಿಟ್ಟು ಓದಬೇಕಾದದ್ದು ಅದನ್ನೇ, ಏಕೆಂದರೆ ಬರಹದಲ್ಲಿ ಅದು ಸಭ್ಯವಾದ ಕಾನೂನು. ಇಂಗ್ಲೆಂಡಿನಲ್ಲಿ ಸರ್ಕಾರವನ್ನು ನಿಂದಿಸಿದವನು ಹೇಳಿದ್ದು ನಿಜವೆಂದು ತೋರಿಸಿದರೂ ಬಚಾವಾಗುತ್ತಿರಲಿಲ್ಲ. ಅಮೆರಿಕದ ಕಾಯ್ದೆ ಆರೋಪಿಗೆ ಸತ್ಯವನ್ನು ಸಾಬೀತು ಮಾಡಿ ಬಿಡುಗಡೆ ಪಡೆಯುವ ಹಕ್ಕು ಕೊಟ್ಟಿತು, ದುರುದ್ದೇಶವನ್ನು ಸರ್ಕಾರವೇ ತೋರಿಸಬೇಕೆಂದಿತು, ತೀರ್ಮಾನವನ್ನು ಜ್ಯೂರಿಯ ಕೈಗೆ ಬಿಟ್ಟಿತು. ಎರಡು ವರ್ಷ ಸೆರೆ, ಎರಡು ಸಾವಿರ ಡಾಲರ್ ದಂಡ ಎಂದು ಶಿಕ್ಷೆಗೂ ಮಿತಿ ಹಾಕಿತು. ಇಷ್ಟೆಲ್ಲ ರಕ್ಷಣೆ ಇದ್ದೂ ಅದು ವಿರೋಧ ಪಕ್ಷದ ಬಾಯಿಗೆ ಬೀಗ ಹಾಕುವ ಕೆಲಸಕ್ಕೇ ಬಳಕೆಯಾಯಿತು. ಆಳುವವರನ್ನು ಟೀಕೆಯಿಂದ ಕಾಪಾಡಲೆಂದೇ ಹುಟ್ಟಿದ ಕಾನೂನಿಗೆ ಎಂಥ ಷರತ್ತು ಸೇರಿಸಿದರೂ ಅದು ನ್ಯಾಯದ ಕಾನೂನಾಗುವುದಿಲ್ಲ ಎಂಬುದಕ್ಕೆ ಅದರ ಮೊಕದ್ದಮೆಗಳೇ ಪುರಾವೆ.

ಮೊದಲು ಸಿಕ್ಕಿಬಿದ್ದವರು ವರ್ಮಾಂಟಿನ ಸಂಸದ ಮ್ಯಾಥ್ಯೂ ಲಿಯಾನ್. ಐರ್ಲೆಂಡಿನಿಂದ ಹುಡುಗನಾಗಿದ್ದಾಗ ಜೀತದ ಕರಾರಿನ ಮೇಲೆ ಬಂದು, ದುಡಿದು ಮೇಲೆ ಬಂದವರು. ಹಿಂದಿನ ಚಳಿಗಾಲದಲ್ಲಿ ಸದನದೊಳಗೇ ಎದುರಾಳಿ ಸಂಸದನ ಮುಖಕ್ಕೆ ಉಗುಳಿ, ಬಳಿಕ ಆತನ ಬೆತ್ತದೇಟು ತಿಂದು, ಒಲೆಯ ಇಕ್ಕಳ ಹಿಡಿದು ಹೊಡೆದಾಡಿ ಕುಖ್ಯಾತರಾಗಿದ್ದರು. ಅಧ್ಯಕ್ಷ ಜಾನ್ ಆಡಮ್ಸ್‌ಗೆ ಆಡಂಬರದ ಹಪಾಹಪಿ, ಹೊಗಳಿಕೆಯ ಹಸಿವು ಎಂದು ಪತ್ರಿಕೆಗೆ ಬರೆದದ್ದು ಅವರ ಮೇಲಿನ ಆರೋಪಗಳಲ್ಲೊಂದು. ಆ ಪತ್ರ ಬರೆದಾಗ ಕಾಯ್ದೆ ಇನ್ನೂ ಜಾರಿಗೇ ಬಂದಿರಲಿಲ್ಲ. ಈಗ ಆ ಪತ್ರದ ಮಾತನ್ನು ನಿಜವೆಂದು ಸಾಬೀತು ಮಾಡುವುದು ಹೇಗೆ? ಲಿಯಾನ್ ನ್ಯಾಯಪೀಠದಲ್ಲಿದ್ದ ನ್ಯಾಯಮೂರ್ತಿ ವಿಲಿಯಂ ಪ್ಯಾಟರ್ಸನ್ ಅವರನ್ನೇ ಕೇಳಿದರು: ತಾವು ಅಧ್ಯಕ್ಷರ ಜೊತೆ ಊಟ ಮಾಡಿದ್ದೀರಿ, ಅಲ್ಲಿನ ಆಡಂಬರ ನೋಡಿಲ್ಲವೇ? ಊಟ ಮಾಡಿದ್ದೇನೆ, ಕಂಡದ್ದು ಸರಳತೆ ಎಂದರು ನ್ಯಾಯಮೂರ್ತಿ. ಸತ್ಯದ ರಕ್ಷಣೆ ಅಲ್ಲಿಗೆ ಮುಗಿಯಿತು. ನಾಲ್ಕು ತಿಂಗಳು ಸೆರೆ, ಸಾವಿರ ಡಾಲರ್ ದಂಡ. ಒಬ್ಬ ನಾಯಕನಿಗೆ ಅಧಿಕಾರದ ಮದ ಏರಿದೆ ಎನ್ನುವುದು ಅಭಿಪ್ರಾಯ. ಅಭಿಪ್ರಾಯಕ್ಕೆ ಸಾಕ್ಷಿ ಕೇಳಿದರೆ ಯಾರು ತಾನೇ ಒದಗಿಸಿಯಾರು? ರಾಜಕೀಯದ ಮಾತಿನಲ್ಲಿ ಮುಕ್ಕಾಲು ಪಾಲು ಇಂಥದೇ.

ಸಾಕ್ಷಿ ಒದಗಿಸಬಹುದಾದ ಕಡೆಯೂ ಬಾಗಿಲು ತೆರೆಯಲಿಲ್ಲ. 1800ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಥಾಮಸ್ ಕೂಪರ್ ವಿಚಾರಣೆಗೆ ನಿಂತರು. ಸರ್ಕಾರ ಶಾಂತಿಕಾಲದಲ್ಲೂ ಶೇ 8ರ ಬಡ್ಡಿಗೆ ಸಾಲ ಎತ್ತುವ ಸ್ಥಿತಿಗೆ ಬಂದಿದೆ, ಕಾಯಂ ಸೈನ್ಯದ ಹೊರೆ ಹೇರಿದೆ ಎಂದು ಅವರು ಬರೆದಿದ್ದರು. ಅಧ್ಯಕ್ಷರನ್ನೇ ಸಾಕ್ಷಿಯಾಗಿ ಕರೆಸಿ ಎಂಬ ಅವರ ಬೇಡಿಕೆಯನ್ನು ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಚೇಸ್ ತಳ್ಳಿಹಾಕಿದರು. ಕೂಪರ್‌ಗೆ ಆರು ತಿಂಗಳು ಸೆರೆಯಾಯಿತು. ಎರಡೇ ತಿಂಗಳಲ್ಲಿ ರಿಚ್ಮಂಡಿನಲ್ಲಿ ಆಡಮ್ಸ್ ವಿರೋಧಿ ಪತ್ರಕರ್ತ ಜೇಮ್ಸ್ ಕ್ಯಾಲೆಂಡರ್ ಸರದಿ. ಪೀಠದಲ್ಲಿ ಮತ್ತೆ ಚೇಸ್. ಆರೋಪಿಯ ಮುಖ್ಯ ಸಾಕ್ಷಿಯ ಹೇಳಿಕೆ ಒಂದು ಆರೋಪದ ಒಂದು ಭಾಗವನ್ನಷ್ಟೇ ಸಾಬೀತು ಮಾಡುತ್ತದೆ, ಪೂರ್ತಿಯಾಗಿ ಅಲ್ಲ ಎಂಬ ಕಾರಣಕ್ಕೆ ಆ ಸಾಕ್ಷಿಯನ್ನೇ ಅವರು ಕೇಳಲಿಲ್ಲ. ಈ ನಡತೆಯೂ ಸೇರಿ ಚೇಸ್ ಮೇಲೆ 1804ರಲ್ಲಿ ಮಹಾಭಿಯೋಗ ಹೊರಿಸಲಾಯಿತು. ಮರುವರ್ಷ ಸೆನೆಟ್ ಅವರನ್ನು ಖುಲಾಸೆ ಮಾಡಿತು.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಅಪಾಯ ನಿಜವಾಗಿತ್ತಲ್ಲವೇ? ನಿಜವಾಗಿತ್ತು. ಬ್ರಿಟನ್ ಜೊತೆಗಿನ ಅಮೆರಿಕದ ಒಪ್ಪಂದದಿಂದ ಕೆರಳಿದ ಫ್ರಾನ್ಸ್, ಅಮೆರಿಕದ ನೂರಾರು ವ್ಯಾಪಾರಿ ಹಡಗುಗಳನ್ನು ಹಿಡಿದಿತ್ತು. ಸಂಧಾನಕ್ಕೆ ಹೋದ ರಾಯಭಾರಿಗಳಿಂದ ಫ್ರೆಂಚ್ ವಿದೇಶಾಂಗ ಸಚಿವ ತಾಲೆರಾನ್‌ನ ಮಧ್ಯವರ್ತಿಗಳು ಲಂಚ ಕೇಳಿದ್ದರು. ಘೋಷಣೆಯಾಗದ ಯುದ್ಧ ಕಡಲಿನಲ್ಲಿ ಎರಡು ವರ್ಷ ನಡೆಯಿತು. ಆ ಕಾಲದ ಫ್ರೆಂಚ್ ಭೀತಿ ನಮ್ಮ ಚರಿತ್ರೆಗೂ ಹೊಸದಲ್ಲ. ಮಾರಿಷಸ್‌ನ ಫ್ರೆಂಚ್ ಗವರ್ನರ್ 1798ರ ಜನವರಿಯಲ್ಲಿ ಟಿಪ್ಪುವಿನ ಮೈತ್ರಿಯನ್ನು ಡಂಗುರ ಸಾರಿದ್ದನ್ನೇ ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿ ಯುದ್ಧಕ್ಕೆ ಕಾರಣ ಮಾಡಿಕೊಂಡ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಅದೇ ತಿಂಗಳು ಕಲ್ಕತ್ತದ ಪತ್ರಿಕೆಗಳ ಮೇಲೆ ಆತ ಸೆನ್ಸಾರ್ ಹೇರಿದ. ಭೀತಿ ಒಂದೇ, ಎರಡು ಖಂಡಗಳಲ್ಲೂ ಅದರ ಏಟು ಅಚ್ಚಿನ ಮಾತಿಗೆ ಬಿತ್ತು.

ಆದರೆ ಫಿಲಡೆಲ್ಫಿಯಾದ ಕಾಯ್ದೆ ಯುದ್ಧದ ಲೆಕ್ಕಾಚಾರದಲ್ಲಿ ನಡೆಯಲಿಲ್ಲ. ಆಗಸ್ಟ್ 1798ರಲ್ಲಿ ಬ್ರಿಟನ್ನಿನ ನೌಕಾನಾಯಕ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ಈಜಿಪ್ಟಿನ ಕರಾವಳಿಯಲ್ಲಿ ನುಚ್ಚುನೂರು ಮಾಡಿದ್ದ. ಫ್ರೆಂಚ್ ಸೈನ್ಯ ಅಮೆರಿಕಕ್ಕೆ ಬರುವ ಸಂಭವವೇ ಇಲ್ಲವೆಂದು ಆ ಅಕ್ಟೋಬರಿನಲ್ಲಿ ಸ್ವತಃ ಆಡಮ್ಸ್ ತಮ್ಮ ಯುದ್ಧ ಸಚಿವರಿಗೆ ಬರೆದರು. 1799ರ ಫೆಬ್ರುವರಿಯಲ್ಲಿ ಶಾಂತಿದೂತನನ್ನು ಹೆಸರಿಸಿದ್ದೂ ಅವರೇ. ಪಕ್ಷದೊಳಗಿನ ಯುದ್ಧಕೋರರನ್ನು ಎದುರು ಹಾಕಿಕೊಂಡು ಅವರು ಮಾಡಿದ ಆ ಕೆಲಸ ದೊಡ್ಡದು. ಕೂಪರ್ ಮತ್ತು ಕ್ಯಾಲೆಂಡರ್ ಜೈಲಿಗೆ ಹೋದದ್ದು ಆ ಸಂಧಾನ ನಡೆಯುತ್ತಿದ್ದ 1800ರಲ್ಲಿ. ಆ ವರ್ಷ ಹತ್ತಿರ ಬರುತ್ತಿದ್ದದ್ದು ಅಧ್ಯಕ್ಷೀಯ ಚುನಾವಣೆ. ಕಾಯ್ದೆಯ ಒಳರಚನೆಯೂ ಇದನ್ನೇ ಹೇಳುತ್ತದೆ. ಅದು ಅಧ್ಯಕ್ಷರನ್ನೂ ಕಾಂಗ್ರೆಸ್ಸನ್ನೂ ಸರ್ಕಾರವನ್ನೂ ನಿಂದೆಯಿಂದ ಕಾಯುತ್ತಿತ್ತು, ಉಪಾಧ್ಯಕ್ಷರನ್ನು ಬಿಟ್ಟಿತ್ತು. ಉಪಾಧ್ಯಕ್ಷರಾಗಿದ್ದವರು ಎದುರು ಪಕ್ಷದ ಥಾಮಸ್ ಜೆಫರ್ಸನ್. ಅವಧಿ ಮುಗಿಯುವ ದಿನ 1801ರ ಮಾರ್ಚ್ 3. ಮುಂದಿನ ಅಧ್ಯಕ್ಷರು ಅಧಿಕಾರ ಹಿಡಿಯುವುದು ಮಾರ್ಚ್ 4ರಂದು. ತಾವು ಸೋತರೆ ಈ ಆಯುಧ ಎದುರಾಳಿಯ ಕೈಗೆ ಹೋಗಬಾರದು ಎಂಬ ಎಚ್ಚರವನ್ನು ದಿನಾಂಕದಲ್ಲೇ ಬರೆದಿಟ್ಟಿದ್ದರು. ಕೆಳಮನೆಯಲ್ಲಿ ಅದು 44–41ರಲ್ಲಿ, ಬಹುತೇಕ ಪಕ್ಷದ ಗೆರೆಯ ಮೇಲೆ ಪಾಸಾಯಿತು. ಆಡಮ್ಸ್ ಅವರ ಫೆಡರಲಿಸ್ಟ್ ಪಕ್ಷದವರೇ ಆದ ಜಾನ್ ಮಾರ್ಷಲ್ ಮಾತ್ರ, ತಾವು ಆಗ ಕಾಂಗ್ರೆಸ್ಸಿನಲ್ಲಿದ್ದಿದ್ದರೆ ಈ ಕಾಯ್ದೆಯನ್ನು ವಿರೋಧಿಸುತ್ತಿದ್ದೆ ಎಂದು ಬಹಿರಂಗವಾಗಿ ಹೇಳಿದರು.

ಅಂದಿನ ಪತ್ರಿಕೆಗಳು ಸುಳ್ಳು ಬರೆಯುತ್ತಿದ್ದವು ಎನ್ನುವುದೂ ನಿಜ. ಕ್ಯಾಲೆಂಡರ್ ಹೊಲಸು ಬರೆಯುವವರು, ಅವರಿಗೆ ಜೆಫರ್ಸನ್ ಹಣ ಕೊಟ್ಟಿದ್ದರು. ಆದರೆ ಸುಳ್ಳಿನ ವಿರುದ್ಧ ಈ ಮದ್ದು ನಾಟಲಿಲ್ಲ. ಕಾಯ್ದೆಯ ಅವಧಿಯಲ್ಲೇ ವಿರೋಧಿ ಪತ್ರಿಕೆಗಳ ಸಂಖ್ಯೆ ಹೆಚ್ಚಿತು. ಇನ್ನು ಜೆಫರ್ಸನ್ ಅವರನ್ನು ಮುಕ್ತ ವಾಣಿಯ ವೀರರನ್ನಾಗಿ ಮಾಡುವ ಕಥೆಯನ್ನೂ ನಾನು ಒಪ್ಪಲಾರೆ. ಅವರೂ ಅವರ ಪಕ್ಷದ ಜೊತೆಗಾರ ಮ್ಯಾಡಿಸನ್ನರೂ ಕಾಯ್ದೆಯ ವಿರುದ್ಧ ಗುಟ್ಟಾಗಿ ಬರೆದ ಕೆಂಟಕಿ, ವರ್ಜೀನಿಯಾ ನಿರ್ಣಯಗಳು ಮುಖ್ಯವಾಗಿ ರಾಜ್ಯಗಳ ಹಕ್ಕನ್ನು ಎತ್ತಿಹಿಡಿದವು. ಅಧ್ಯಕ್ಷರಾದ ಮೇಲೆ 1803ರಲ್ಲಿ, ಆಯ್ದ ಕೆಲವು ಪತ್ರಿಕೆಗಳ ಮೇಲೆ ರಾಜ್ಯದ ಕಾನೂನಿನಡಿ ಮೊಕದ್ದಮೆ ಹೂಡುವುದು ಒಳ್ಳೆಯದೆಂದು ಅವರೇ ಪೆನ್ಸಿಲ್ವೇನಿಯಾದ ಗವರ್ನರಿಗೆ ಬರೆದರು. ನ್ಯೂಯಾರ್ಕ್ ರಾಜ್ಯದಲ್ಲಿ ಜೆಫರ್ಸನ್ ಅವರನ್ನು ನಿಂದಿಸಿದ ಸಂಪಾದಕ ಹ್ಯಾರಿ ಕ್ರಾಸ್‌ವೆಲ್ ಮೇಲೆ ಕೇಸು ಬಿದ್ದಾಗ, ಸತ್ಯವನ್ನು ಸಾಬೀತು ಮಾಡಲು ಬಿಡಿ ಎಂದು ವಾದಿಸಿದವರು ಫೆಡರಲಿಸ್ಟ್ ಹ್ಯಾಮಿಲ್ಟನ್. ಪಕ್ಷ ಬದಲಾದರೆ ಸಾಕು, ವಾದಗಳೂ ಸ್ಥಾನ ಬದಲಿಸುತ್ತವೆ. ಹಾಗಾಗಿ ಒಳ್ಳೆಯವರ ಕೈಯಲ್ಲಿದ್ದರೆ ಇಂಥ ಕಾನೂನಿನಿಂದ ತೊಂದರೆಯಿಲ್ಲ ಎಂಬ ಸಮಾಧಾನಕ್ಕೂ ಆಧಾರವಿಲ್ಲ.

ನ್ಯಾಯಾಲಯಗಳು ಕಾಪಾಡಲಿಲ್ಲ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ಊರೂರು ಸುತ್ತಿ ಈ ಕೇಸುಗಳನ್ನು ನಡೆಸಿದರು. ಏಳು ವರ್ಷದ ಹಿಂದಷ್ಟೇ ಅಂಗೀಕಾರವಾಗಿದ್ದ, ವಾಕ್ ಸ್ವಾತಂತ್ರ್ಯ ಕಾಯಬೇಕಿದ್ದ ಸಂವಿಧಾನದ ಮೊದಲ ತಿದ್ದುಪಡಿಯೂ ಕಾಪಾಡಲಿಲ್ಲ. ಕಾಪಾಡಿದ್ದು ಮತದಾರ. ಲಿಯಾನ್ ಜೈಲಿನಲ್ಲಿದ್ದಾಗಲೇ ವರ್ಮಾಂಟಿನ ಜನ ಅವರನ್ನು ಮತ್ತೆ ಆರಿಸಿದರು. 1801ರ ಫೆಬ್ರುವರಿಯಲ್ಲಿ ಅಧ್ಯಕ್ಷರ ಆಯ್ಕೆ ಕೆಳಮನೆಗೆ ಬಂದು 36ನೆಯ ಸುತ್ತಿನವರೆಗೆ ಜಗ್ಗಿದಾಗ, ವರ್ಮಾಂಟಿನ ಮತ ಜೆಫರ್ಸನ್‌ಗೆ ಬಿದ್ದದ್ದು ಲಿಯಾನ್ ಕೈಯಿಂದ.

ಆದರೆ ಮತಪೆಟ್ಟಿಗೆಯ ನ್ಯಾಯ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ಮ್ಯಾಸಚೂಸೆಟ್ಸ್‌ನ ಡೆಡ್ಹಮ್ ಊರಿನಲ್ಲಿ ಜನ ಸ್ವಾತಂತ್ರ್ಯದ ಕಂಬವೊಂದನ್ನು ನೆಟ್ಟು, ರಾಜದ್ರೋಹ ಕಾಯ್ದೆಯೂ ಬೇಡ, ಭೂಕಂದಾಯವೂ ಬೇಡ, ಅಧ್ಯಕ್ಷರು ಮನೆಗೆ ಹೋಗಲಿ ಎಂಬರ್ಥದ ಹಲಗೆ ತೂಗುಹಾಕಿದ್ದರು. ಇಬ್ಬರ ಮೇಲೆ ಕೇಸಾಯಿತು, ಇಬ್ಬರೂ ತಪ್ಪೊಪ್ಪಿಕೊಂಡರು. ಬೆಂಜಮಿನ್ ಫೇರ್‌ಬ್ಯಾಂಕ್ಸ್ ಊರಿನ ಸ್ಥಿತಿವಂತ. ಪ್ರಭಾವಿಗಳು ಅವರ ಪರ ಮಾತಾಡಿದರು. ಆರು ಗಂಟೆ ಸೆರೆ, ಐದು ಡಾಲರ್ ದಂಡಕ್ಕೆ ಮುಗಿಯಿತು. ಡೇವಿಡ್ ಬ್ರೌನ್ ಊರಿಂದೂರಿಗೆ ಅಲೆಯುತ್ತ ಕೂಲಿ ಮಾಡಿ, ರಾಜಕೀಯ ಮಾತಾಡುತ್ತಿದ್ದ ಮನುಷ್ಯ. ಜೊತೆಗಾರರ ಹೆಸರು ಹೇಳೆಂದು ಚೇಸ್ ಒತ್ತಾಯಿಸಿದರೂ ಹೇಳಲಿಲ್ಲ. ಅವರಿಗೆ ಬಿದ್ದದ್ದು ಹದಿನೆಂಟು ತಿಂಗಳು ಸೆರೆ, 480 ಡಾಲರ್ ದಂಡ. ಈ ಕಾಯ್ದೆಯಡಿ ಅದಕ್ಕಿಂತ ಕಠಿಣ ಸೆರೆವಾಸ ಇನ್ಯಾರಿಗೂ ಆಗಲಿಲ್ಲ. ಅವಧಿ ಮುಗಿದರೂ ದಂಡ ಕಟ್ಟಲು ದುಡ್ಡಿಲ್ಲದೆ ಬ್ರೌನ್ ಒಳಗೇ ಉಳಿದರು. ಆಡಮ್ಸ್‌ಗೆ ಎರಡು ಬಾರಿ ಅರ್ಜಿ ಹಾಕಿದರು, ಎರಡೂ ತಿರಸ್ಕೃತವಾದವು. ಜೆಫರ್ಸನ್ ಅಧಿಕಾರಕ್ಕೆ ಬಂದು ಕ್ಷಮಾದಾನ ಕೊಟ್ಟಾಗಲೇ ಅವರು ಹೊರಬಂದದ್ದು. ಅಷ್ಟರಲ್ಲಿ ಅವರನ್ನು ಹಿಡಿದಿಟ್ಟ ಕಾನೂನು ತನ್ನ ಅವಧಿ ಮುಗಿಸಿ ಸತ್ತಾಗಿತ್ತು.