32ರಲ್ಲಿ ಒಂದು ತುತ್ತು

ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ಬ್ರಿಟನ್ನಿನ ಜಾನ್ ಯುಡ್ಕಿನ್ ಅವರೊಡನೆ ನಿಂತ ಚಿತ್ರವೊಂದು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎತ್ತರ–ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ನರದು ಶೇ. 9.1, ಯಾಜ್ಞಿಕರದು ಶೇ. 21.2. ತೆಳ್ಳಗೆ ಕಾಣುವ ಭಾರತೀಯನೂ ಮಧುಮೇಹದಿಂದ ದೂರವಿಲ್ಲವೆಂಬ ಎಚ್ಚರಿಕೆಯದು.

ಸಸ್ಯಾಹಾರವೇ ತಮಗೆ ರಕ್ಷೆಯೆಂದು ಬೀಗುವವರು ನಮ್ಮ ಪಾರಣೆಯ ಪಂಕ್ತಿಯನ್ನೊಮ್ಮೆ ನೋಡಬೇಕು. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸವಿದ್ದವರಿಗೆ ಹಾರ, ಮೆರವಣಿಗೆ, ಫಲಕ. ಮರುದಿನದಿಂದ ಜಿಲೇಬಿ, ಕರಿದ ತಿಂಡಿ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ನಿಯಮವನ್ನೂ ಅಂಗಡಿಯಲ್ಲೇ ಡಬ್ಬಿ ಬಿಚ್ಚಿ, ಗಬಗಬನೆ ನುಂಗಿ ಪಾಲಿಸುತ್ತೇವೆ!

ತತ್ತ್ವಾರ್ಥಸೂತ್ರವು ಬಾಹ್ಯತಪಗಳಲ್ಲಿ ಅನಶನದ ಬೆನ್ನಿಗೇ ಅವಮೌದರ್ಯವನ್ನು ಹೇಳಿದೆ. 32 ತುತ್ತು ಪೂರ್ಣಾಹಾರವಾದರೆ, ಒಂದು ತುತ್ತು ಕಡಿಮೆ ಉಂಡರೂ ಅದು ತಪಸ್ಸೇ. ಇದಕ್ಕೆ ಹಾರವಿಲ್ಲ, ಫಲಕವಿಲ್ಲ. ಆದ್ದರಿಂದಲೇ ಆಚರಿಸುವವರೂ ಇಲ್ಲ. ನಾಲ್ಕನೆಯದು ರಸಪರಿತ್ಯಾಗ. ವಾರದಲ್ಲಿ ಒಂದು ದಿನ ಸಕ್ಕರೆ, ಇನ್ನೊಂದು ದಿನ ಉಪ್ಪು ಬಿಡುವುದು ಯಾವ ಗೃಹಸ್ಥನಿಗೂ ಅಸಾಧ್ಯವಲ್ಲ. ಮಧುಮೇಹಕ್ಕೆ ಔಷಧ ಸೇವಿಸುವವರು ಮಾತ್ರ ವೈದ್ಯರನ್ನು ಕೇಳದೆ ಉಪವಾಸಕ್ಕೆ ಇಳಿಯಬಾರದು; ಅಂಥವರನ್ನು ಪ್ರತಿಷ್ಠೆಗಾಗಿ ಹುರಿದುಂಬಿಸುವ ಬಂಧುಗಳೂ ಸುಮ್ಮನಿರಲಿ.

ಮಂದಿರ ಸಮಿತಿಗಳಿಗೆ ನಮ್ಮ ಆಗ್ರಹವಿಷ್ಟೆ: ಈ ವರ್ಷದ ಪಾರಣೆಯಲ್ಲಿ ಒಂದೇ ಸಿಹಿಯಿರಲಿ, ಕರಿದದ್ದು ಬೇಡ. ಶ್ರಾವಕರು ದರ್ಶನಕ್ಕೆ ನಡೆದೇ ಬರಲಿ. ಮುನಿಗಳು ಊರಿಂದೂರಿಗೆ ಕಾಲ್ನಡೆಯಲ್ಲಿ ವಿಹರಿಸುತ್ತಿರುವಾಗ, ಎರಡು ಬೀದಿಯಾಚೆಯ ಜಿನಮಂದಿರಕ್ಕೆ ಸ್ಕೂಟರೇರುವ ನಾವು ಅವರ ಪಾದಗಳಿಗೆ ಎರಗುವುದಾದರೂ ಏತಕ್ಕೆ?